ಕಾರ್ಡಿನ ಹಿಂಬದಿ

ನಾನು ಮಾಡುವ ಕೆಲಸಕ್ಕೆ ನಮ್ಮ ಬೀದಿಯಲ್ಲಿ ಹೆಸರಿಲ್ಲ. ನಾವು ತುಮಕೂರಿನಲ್ಲಿ ಬಾಡಿಗೆಗಿರುವುದು ಒಂದು ಮಹಡಿ ಮನೆಯಲ್ಲಿ. ಕೆಳಗಿರುವ ಓನರ್ ಆಂಟಿ ಯಾರಾದರೂ ಕೇಳಿದರೆ "ಅವ್ಳು ಮನೇಲೇ ಇರ್ತಾಳೆ" ಎನ್ನುತ್ತಾರೆ. ಹಾಗಾಗಿ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು, ನೀರು ಬಂದ ತಕ್ಷಣ ಮೋಟಾರ್ ಹಾಕುವುದು, ಕೊರಿಯರ್‌ಗೆ ಸಹಿ ಮಾಡುವುದು ಎಲ್ಲವೂ ಮನೆಯಲ್ಲೇ ಇರುವವಳ ಪಾಲಿಗೆ ಬರುತ್ತದೆ. ಅಮ್ಮ "ಕಂಪ್ಯೂಟರ್ ಕೆಲಸ" ಎನ್ನುತ್ತಾಳೆ. ಗಿರಾಕಿಗಳಿಗೆ ನಾನು "ಡಿಸೈನ್ ಮೇಡಂ". ಯಾವುದೂ ಸುಳ್ಳಲ್ಲ.

ಮಾಡುವುದು ಲೇಬಲ್, ಲೋಗೋ, ಅಂಗಡಿ ಬೋರ್ಡು, ಕರಪತ್ರ, ಮದುವೆ ಕಾರ್ಡು. ಅಕ್ಷರ ಜೋಡಿಸಿ, ಬಣ್ಣ ಆರಿಸಿ, ಅವುಗಳ ಸುತ್ತ ಜಾಗ ಬಿಡುವುದು. ಆ ಜಾಗ ಬಿಡುವುದೇ ಎಲ್ಲಕ್ಕಿಂತ ಕಷ್ಟ. ಬಿಟ್ಟ ಜಾಗ ಬೇರೆಯವರ ಕಣ್ಣಿಗೆ ಮಾಡದೆ ಉಳಿದ ಕೆಲಸದ ಹಾಗೆ ಕಾಣುತ್ತದೆ. ಕೋರದ ಕಡೆಯ ಒಬ್ಬರು ಗಾಣದ ಕೊಬ್ಬರಿ ಎಣ್ಣೆಗೆ ಲೇಬಲ್ ಮಾಡಿಸುತ್ತಿದ್ದರು. ಬಿಳಿ ಹಿನ್ನೆಲೆಯ ಮೇಲೆ ಒಡೆದ ಕಾಯಿಯ ಒಂದು ಹೋಳನ್ನು ಮಾತ್ರ ಇಟ್ಟು ಕಳಿಸಿದ್ದೆ. ಕೂಡಲೇ ಫೋನ್ ಬಂತು.

"ಚೆನ್ನಾಗೈತೆ ಮೇಡಂ. ಆದ್ರೆ ಬಲಗಡೆ ಎಲ್ಲ ಬಣಬಣ ಅಂತೈತೆ. ಅಲ್ಲೊಂದು ಹಸು ನಿಲ್ಸಿ."

"ಕೊಬ್ಬರಿ ಎಣ್ಣೆಗೂ ಹಸುಗೂ ಏನ್ ಸಂಬಂಧ ಸರ್?"

"ಸಂಬಂಧ ಏನಿಲ್ಲ. ನಮ್ಮನೇಲಿ ಹಸು ಐತಲ್ಲ, ಲಕ್ಷಣವಾಗೈತೆ. ಐದು ನಿಮಿಷದ ಕೆಲಸ ಅಷ್ಟೇಯ."

ಹಸುವಿನ ಫೋಟೋ ಕೂಡ ಬಂತು. ಅದು ನನಗೆ ಬೆನ್ನು ಹಾಕಿಕೊಂಡು ನಿಂತಿತ್ತು.

ಇಂಥ ಕರೆಗಳ ಕಾಟಕ್ಕೆ ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಬೆಳಗಿನ ಹೊತ್ತು ಫೋನನ್ನು ಮೇಜಿನ ಮೇಲೆ ಮಗುಚಿ ಇಡುವುದು. ಗೊತ್ತಿಲ್ಲದ ನಂಬರ್ ಬಂದರೆ ಎತ್ತದಿರುವುದು, ತಿರುಗಿ ಮಾಡದಿರುವುದು. ನಿಜವಾಗಿ ಕೆಲಸವಿದ್ದವರು ಮೆಸೇಜ್ ಮಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ನಿಯಮದಿಂದ ಬೆಳಗಿನ ಹೊತ್ತು ಕೆಲಸ ಚೆನ್ನಾಗಿ ಸಾಗುತ್ತಿತ್ತು, ಮನೆ ತೀರ ನಿಶ್ಶಬ್ದವಾಗಿಯೂ ಇರುತ್ತಿತ್ತು. ಆ ನಿಶ್ಶಬ್ದದಲ್ಲಿ ಒಂದು ಅಭ್ಯಾಸ ಬೆಳೆದುಬಿಟ್ಟಿದೆ. ಏನಾದರೂ ಮುಗಿದ ತಕ್ಷಣ ಪರದೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತೇನೆ, ಅಲ್ಲಿ ಕೂತವರಿಗೆ ತೋರಿಸುವ ಹಾಗೆ. ಎಡಕ್ಕೆ ಇರುವುದು ಕಿಟಕಿ, ಅದರಾಚೆ ಎದುರು ಮನೆಯ ನೀರಿನ ಟ್ಯಾಂಕು.

ಒಂದು ಕಾಲದಲ್ಲಿ ಎಡಕ್ಕೆ ಅವಳು ಕೂರುತ್ತಿದ್ದಳು.

ನಾನು ಪತ್ರಿಕೋದ್ಯಮದ ಎಂ.ಎ., ಅವಳು ಕನ್ನಡ ಎಂ.ಎ. ಆಗ ನಮ್ಮ ಮನೆ ಇದ್ದದ್ದು ಕುಣಿಗಲ್ ಕಡೆ, ಹುತ್ರಿದುರ್ಗದ ಬುಡದ ಊರಿನಲ್ಲಿ, ಅವಳ ಮನೆ ಗುಬ್ಬಿಯಲ್ಲಿ. ತುಮಕೂರಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದೆವು. ಕೋಣೆಗೆ ಒಂದೇ ಮೇಜು. ಅಲ್ಲಿ ಕೂತು ಹಾಸ್ಟೆಲಿನ ಗೋಡೆಪತ್ರಿಕೆ ಮಾಡುತ್ತಿದ್ದೆವು. ಅವಳು ಬರೆಯುವುದು, ನಾನು ಹಾಳೆಯ ಮೇಲೆ ಹೊಂದಿಸುವುದು. ಅವಳ ಬರಹ ಯಾವಾಗಲೂ ಅಳತೆಗಿಂತ ಉದ್ದ.

"ಎರಡು ಸಾಲು ತೆಗೀತೀನಿ ಕಣೇ, ಅಂಚಲ್ಲಿ ಜಾಗ ಬೇಕು."

"ಮುಟ್ಟು ನೋಡಾಣ. ನಿನ್ನ ಅಂಚನ್ನ ಯಾರೇ ಓದ್ತಾರೆ?"

ಕೊನೆಗೆ ಅವಳೇ ಒಂದು ಸಾಲು ಹೊಡೆದು, ಅದಕ್ಕಾಗಿ ಸಂಜೆಯವರೆಗೆ ಮುಖ ಊದಿಸಿಕೊಂಡು, ಅಮಾನಿಕೆರೆ ಏರಿಯ ಮೇಲೆ ನನ್ನ ದುಡ್ಡಿನಲ್ಲೇ ಜೋಳ ತಿನ್ನುತ್ತಿದ್ದಳು. ಆ ಏರಿಯ ಮೇಲೆ ನಾವು ಮಾತಿನಲ್ಲೇ ಒಂದು ಆಫೀಸು ಕಟ್ಟಿದ್ದೆವು. ಯಾವುದಾದರೂ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಒಂದು ಕಿಟಕಿ. ಕಿಟಕಿಯ ಪಕ್ಕದ ಮೇಜು ಯಾರದು ಎಂಬ ಜಗಳ ಕೊನೆಯವರೆಗೂ ತೀರಲಿಲ್ಲ.

ಓದು ಮುಗಿದ ಮೇಲೆ ಅವಳು ಬಿ.ಎಡ್. ಮಾಡಿ ಗುಬ್ಬಿಯಲ್ಲೇ ಶಾಲೆಗೆ ಸೇರಿದಳು. ಅಪ್ಪನಿಗೆ ತುಮಕೂರಿಗೆ ವರ್ಗವಾಗಿ ನಾವು ಈ ಮಹಡಿಗೆ ಬಂದೆವು. ಜಗಳವೇನೂ ಆಗಲಿಲ್ಲ. ಮೊದಲು ದಿನಾ ಮಾತಾಡುತ್ತಿದ್ದೆವು, ಆಮೇಲೆ ಹಬ್ಬಕ್ಕೆ, ಆಮೇಲೆ ಒಬ್ಬರ ಸ್ಟೇಟಸ್ ಇನ್ನೊಬ್ಬರು ನೋಡಿದ್ದು ಗೊತ್ತಾಗುವಷ್ಟಕ್ಕೆ ನಿಂತಿತು.

ಹೀಗಿರುವಾಗ ಒಂದು ದಿನ ಅವಳ ಮೆಸೇಜ್ ಬಂತು. "ಮದುವೆ ಫಿಕ್ಸ್ ಆಯ್ತು ಕಣೇ. ಹುಡುಗ ಕುಣಿಗಲ್. ಕಾರ್ಡ್ ನೀನೇ ಮಾಡಬೇಕು. ನಿನ್ನಿಷ್ಟ ಬಂದಷ್ಟು ಖಾಲಿ ಬಿಡು."

ಆ ಕೊನೆಯ ವಾಕ್ಯವನ್ನು ನಾನು ಎಷ್ಟೋ ಸಲ ಓದಿದೆ. ಬೇರೆ ಯಾವ ಗಿರಾಕಿಯೂ ನನಗೆ ಹಾಗೆ ಹೇಳಿರಲಿಲ್ಲ. ಓದಿದಷ್ಟೂ ಸಲ ಇನ್ನೊಂದು ವಾಕ್ಯಕ್ಕಾಗಿ ಹುಡುಕಿದೆ, "ನೀನು ಬರಬೇಕು" ಎನ್ನುವುದಕ್ಕೆ. ಇರಲಿಲ್ಲ. ಇನ್ನೂ ದಿನವಿದೆಯಲ್ಲ ಎಂದುಕೊಂಡೆ. ನಮ್ಮ ಕಡೆ ಮದುವೆಗೆ ಮೆಸೇಜಿನಲ್ಲಿ ಕರೆಯುವುದಿಲ್ಲ. ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿ, ಮನೆಗೆ ಬಂದು, ಕುಂಕುಮ ಕೊಟ್ಟು ಕೈಗಿಟ್ಟರೆ ಮಾತ್ರ ಕರೆದಂತೆ. ಬರುತ್ತಾಳೆ, ಕಾಯೋಣ ಎಂದುಕೊಂಡೆ.

ಕಾರ್ಡನ್ನು ನನಗೆ ತಿಳಿದಷ್ಟೂ ಚೆನ್ನಾಗಿ ಮಾಡಿದೆ. ಮಾಸಿದ ಬಿಳಿ ಕಾಗದ, ನಡುವೆ ಎರಡು ಹೆಸರು, ಕೆಳಗೆ ದಿನ, ಸ್ಥಳ. ಸುತ್ತ ಎಲ್ಲ ಜಾಗ. ಪ್ರಿಂಟ್ ತೆಗೆಸಿ ಗುಬ್ಬಿ ಬಸ್ಸು ಹತ್ತಿದೆ. ವಾಟ್ಸಾಪಿನಲ್ಲೇ ಕಳಿಸಬಹುದಿತ್ತು.

ಅವಳ ಮನೆಯಲ್ಲಿ ಕಾರ್ಡನ್ನು ನೋಡಲು ಎಲ್ಲರೂ ಸೇರಿದರು. ಮಾತಾಡಿದ್ದು ಮಾತ್ರ ಅವಳ ದೊಡ್ಡಪ್ಪ. ಕೊಬ್ಬರಿ ವ್ಯಾಪಾರದವರು, ಮನೆಯಲ್ಲಿ ಅವರ ಮಾತೇ ಕೊನೆ. ಕನ್ನಡಕ ಹಾಕಿಕೊಂಡು ಕಾರ್ಡನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಮಗುಚಿ ನೋಡಿದರು.

"ಇದು ಅರ್ಧ ಆಗಿರೋದೇನಮ್ಮ?"

"ಇಲ್ಲ ಅಂಕಲ್, ಪೂರ್ತಿ ಆಗಿದೆ."

"ಇಷ್ಟೊಂದು ಜಾಗ ಬಿಟ್ರೆ ನೋಡ್ದೋರು ಏನಂತಾರೆ? ಇವ್ರಿಗೆ ನೆಂಟ್ರೇ ಇಲ್ವಾ ಅಂತಾರೆ."

ಅವರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಮೇಲೆ ಮಧ್ಯದಲ್ಲಿ ಮಠದ ಸ್ವಾಮೀಜಿಗಳ ಫೋಟೋ. ಎಡಕ್ಕೆ ಇವರ ಮನೆದೇವರು, ಬಲಕ್ಕೆ ಗಂಡಿನ ಮನೆಯವರ ದೇವರು, ಎರಡೂ ಒಂದೇ ಎತ್ತರದಲ್ಲಿ. ಕೆಳಗೆ ಆಗಮನ ಬಯಸುವ ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಸೋದರಮಾವಂದಿರು, ಭಾವಂದಿರು, ವಯಸ್ಸಿನ ಪ್ರಕಾರ. ಒಂದು ಹೆಸರು ಮೇಲೆ ಕೆಳಗೆ ಆದರೂ ಆ ಮನೆಯವರು ಛತ್ರದ ಕಡೆ ತಲೆ ಹಾಕುವುದಿಲ್ಲ. ಕೊನೆಗೆ ಅವರಿಗೆ ಏನೋ ಹೊಳೆಯಿತು.

"ಹುಡುಗ ಬಿದರೆಹಳ್ಳ ಕಾವಲ್‌ನಾಗೆ ಹೆಲಿಕಾಪ್ಟರ್ ಫ್ಯಾಕ್ಟ್ರೀಲಿ ಅವ್ನೆ ಕಣಮ್ಮ. ಈ ಮೂಲೇಲಿ ಒಂದು ಹೆಲಿಕಾಪ್ಟರ್ ಇಟ್ಬುಡು. ಕೆಳಗಡೆ ಹೂವ ಸುರೀತಾ ಇರ್ಲಿ."

ಅವಳು ನನ್ನ ಪಕ್ಕದಲ್ಲಿ, ಎಡಕ್ಕೆ ಕೂತಿದ್ದಳು. ನಗು ತಡೆಯಲಾರದೆ ಅವಳ ಭುಜ ಅಲುಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅವಳ ಕಡೆ ನೋಡಿದರೆ ನಾನೂ ನಗುತ್ತೇನೆಂದು ನೋಡಲಿಲ್ಲ. ಆ ಒಂದು ಗಳಿಗೆ ಹಾಸ್ಟೆಲಿನ ಮೇಜಿನ ಮುಂದೆ ಕೂತಂತೆಯೇ ಇತ್ತು.

"ದೊಡ್ಡಪ್ಪ, ಹೆಲಿಕಾಪ್ಟರ್ ಹಾಕಿಸ್ಕೊಳ್ಳಿ," ಎಂದಳು ಅವಳು. "ಆದ್ರೆ ಹಿಂದುಗಡೆ ಏನೂ ಬ್ಯಾಡ. ಅದೊಂದು ಖಾಲಿ ಬುಡಿ."

"ಖಾಲಿ ಯಾಕವ್ವ? ರೂಟ್ ಮ್ಯಾಪ್ ಹಾಕ್ಬೌದು."

"ಕುಣಿಗಲ್‌ಗೆ ದಾರಿ ಗೊತ್ತಿಲ್ದೋರು ಬರೋದೇ ಬ್ಯಾಡ ಬುಡಿ."

ಎಲ್ಲರೂ ನಕ್ಕರು. ಹಿಂಬದಿ ಖಾಲಿ ಉಳಿಯಿತು.

ಹೊರಡುವಾಗ ಅವಳ ಅಮ್ಮ ಕುಂಕುಮ ಕೊಟ್ಟರು. "ರೇಷ್ಮೆ ಸೀರೆ ಐತೇನಮ್ಮ ನಿನ್ನತ್ರ?" ಎಂದು ಕೇಳಿದರು. "ಇದೆ ಅಮ್ಮ, ಹಸಿರುದು," ಎಂದೆ. "ಹೂಂ, ಹಸಿರು ಒಪ್ತೈತೆ ನಿಂಗೆ," ಎಂದರು. ಇನ್ನೇನಾದರೂ ಹೇಳುತ್ತಾರೆಂದು ಹೊಸಿಲ ಬಳಿ ನಿಂತೆ. ಒಳಗೆ ಕುಕ್ಕರ್ ಕೂಗಿತು, ಅವರು ಹೋದರು. ಅವಳು ಗೇಟಿನವರೆಗೆ ಬಂದಳು. "ಇನ್ನೂ ಎಷ್ಟು ಕರೆಕ್ಷನ್ ತರ್ತಾರೋ ನೋಡ್ತಿರು, ನಿನ್ನ ಪ್ರಾಣ ತಿಂತಾರೆ," ಎಂದಳು. ಕಾರ್ಡಿನ ಮಾತು ಬಿಟ್ಟು ಬೇರೆ ಏನೂ ಬರಲಿಲ್ಲ. ಕೇಳುವುದಕ್ಕೆ ನನಗೂ ಬಾಯಿ ಬರಲಿಲ್ಲ. ಕರೆಯುತ್ತೀಯಾ ಎಂದು ಯಾರೂ ಕೇಳುವುದಿಲ್ಲ.

ಅವಳು ಹೇಳಿದಂತೆಯೇ ಆಯಿತು. ಒಬ್ಬ ಭಾವನ ಇನಿಷಿಯಲ್ ಬದಲಾಯಿತು. ಯಾರದೋ ಹೆಸರಿನ ಮುಂದೆ ನಿವೃತ್ತ ಎಂದು ಸೇರಿತು. ದೇವರು ಸ್ವಲ್ಪ ದೊಡ್ಡವರಾದರು, ಹೆಲಿಕಾಪ್ಟರ್ ಅವರಿಗಿಂತ ದೊಡ್ಡದಾಯಿತು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಒತ್ತಕ್ಷರಗಳೆಲ್ಲ ತಮ್ಮ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಂತವು. ಅದನ್ನು ಸರಿಮಾಡಲು ಒಂದು ಮಧ್ಯಾಹ್ನ ಹೋಯಿತು. ಬೇರೆ ಗಿರಾಕಿಯಾಗಿದ್ದರೆ ಹಲ್ಲು ಕಚ್ಚುತ್ತಿದ್ದೆ. ಇಲ್ಲಿ ಮಾತ್ರ ಪ್ರತಿ ತಿದ್ದುಪಡಿಗೂ ಒಂದು ಮೆಸೇಜ್ ಬರುತ್ತದೆ ಎನ್ನುವುದೇ ಒಂದು ಆಸೆಯಾಗಿತ್ತು. ಮೆಸೇಜ್ ಬಂದಾಗಲೆಲ್ಲ ಮೊದಲು ಕೊನೆಯ ಸಾಲನ್ನು ನೋಡುತ್ತಿದ್ದೆ.

ಕಾರ್ಡು ಅಚ್ಚಾದ ದಿನ ಅವಳು ಬರೆದಳು. "ಸೂಪರ್ ಆಗಿದೆ. ಥ್ಯಾಂಕ್ಸ್ ಕಣೇ."

ಹಾಸ್ಟೆಲಿನಲ್ಲಿ ನಾವು ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳಿದ್ದು ನೆನಪಿಲ್ಲ. ಗಿರಾಕಿಗಳು ಹೇಳುತ್ತಾರೆ. ಅಷ್ಟಕ್ಕೆ ಅವರ ಕೆಲಸ ಮುಗಿಯುತ್ತದೆ.

ಅದಾದ ಕೆಲವು ದಿನಕ್ಕೆ ಕೆಳಗಿನ ಆಂಟಿ ಮೆಟ್ಟಿಲ ಬಳಿ ನನ್ನನ್ನು ಕೂಗಿದರು. ಅವರ ಕೈಯಲ್ಲಿ ಆ ಕಾರ್ಡಿತ್ತು. ನಾಲ್ಕು ಮೂಲೆಗೂ ಅರಿಶಿನ. ಹೆಣ್ಣಿನ ಕಡೆಯವರು ಆಂಟಿಗೆ ದೂರದ ನೆಂಟರಂತೆ. ಬೆಳಿಗ್ಗೆ ದೊಡ್ಡಪ್ಪನವರು ಕಾರಿನಲ್ಲಿ ಬಂದು, ನೀರೂ ಕುಡಿಯದೆ, ಕಾರ್ಡು ಕೊಟ್ಟು ಹೋದರಂತೆ. ಆ ಹೊತ್ತಿನಲ್ಲಿ ನಾನು ಮೇಲೆ ಕಿಟಕಿಯ ಪಕ್ಕ ಕೂತಿದ್ದೆ.

"ನೋಡು, ಎಷ್ಟು ಚೆನ್ನಾಗಿ ಮಾಡವ್ರೆ. ಹೆಲಿಕಾಪ್ಟ್ರು ನೋಡು! ನೀನೂ ಹಿಂಗ್ ಮಾಡೋದ್ ಕಲ್ತ್ಕೋ, ಮನೇಲೇ ಇರ್ತೀಯ."

ನಾನು ಕಾರ್ಡನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿದೆ. ಹಿಂಬದಿ ಖಾಲಿಯಿತ್ತು. ಬೆರಳಿಗೆ ಅರಿಶಿನ ಅಂಟಿತು. "ಚೆನ್ನಾಗಿದೆ ಆಂಟಿ," ಎಂದು ವಾಪಸ್ ಕೊಟ್ಟೆ.

ಮದುವೆಯ ದಿನ ನಾನು ಹಸುವನ್ನು ಬಲದಿಂದ ಎಡಕ್ಕೆ ಸರಿಸುತ್ತಿದ್ದೆ. ಆಂಟಿ ಬೆಳಿಗ್ಗೆಯೇ ಕುಣಿಗಲ್‌ಗೆ ಹೊರಟುಹೋಗಿದ್ದರು. ಹಸಿರು ಸೀರೆ ಬೀರುವಿನಲ್ಲಿತ್ತು. ಹಿಂದಿನ ದಿನ ಅದನ್ನು ತೆಗೆದು, ಮಡಿಕೆ ಬಿಚ್ಚದೆ, ಹಾಗೇ ಒಳಗಿಟ್ಟಿದ್ದೆ. ಫೋನ್ ಮಗುಚಿಟ್ಟಿದ್ದೆ. ಒಂದೆರಡು ಸಲ ಮೇಜು ಗುಂಯ್ ಎಂದಿತು. ಎತ್ತಿ ನೋಡಿದರೆ ಗೊತ್ತಿಲ್ಲದ ನಂಬರ್. ಐದು ನಿಮಿಷದ ಕೆಲಸದವರು ಯಾರೋ ಇರಬೇಕೆಂದು ಮತ್ತೆ ಮಗುಚಿ ಇಟ್ಟೆ. ಮುಹೂರ್ತದ ಹೊತ್ತು ನನಗೆ ಬಾಯಿಪಾಠವಾಗಿತ್ತು, ಅದನ್ನು ಜೋಡಿಸಿದವಳೇ ನಾನಲ್ಲವೇ. ಆ ಹೊತ್ತಿಗೆ ಮೌಸಿನಿಂದ ಕೈ ತೆಗೆದೆ. ಎದುರಿನ ಟ್ಯಾಂಕಿನಲ್ಲಿ ನೀರು ತುಂಬಿ ಚೆಲ್ಲುತ್ತಿತ್ತು.

ಬೇಸಿಗೆ ಕಳೆಯಿತು. ಗುಬ್ಬಿಯ ಒಂದು ಬೇಕರಿಯವರು ಬೋರ್ಡು ಮಾಡಿಸಿದ್ದರು, ಬಣ್ಣ ಸರಿ ಬಂದಿದೆಯೇ ನೋಡಲು ಹೋಗಿದ್ದೆ. ಬಂದಿರಲಿಲ್ಲ, ನಾನು ಕೊಟ್ಟ ಕಂದು ಬಣ್ಣ ಅವರಿಗೆ ಮಂಕಾಗಿ ಕಂಡು ಕೆಂಪು ಮಾಡಿಸಿಕೊಂಡಿದ್ದರು. ಬಸ್ಸಿಗೆ ಕಾಯುತ್ತಾ ನಿಂತಾಗ ಎದುರಿಗೆ ತರಕಾರಿ ಚೀಲ ಹಿಡಿದು ಅವಳ ಅಮ್ಮ ಬಂದರು. ನನ್ನನ್ನು ನೋಡಿದರೂ ನಗಲಿಲ್ಲ.

"ಏನಮ್ಮಾ, ದೊಡ್ಡೋಳಾಗ್ಬುಟ್ಟೆ."

"ಯಾಕಮ್ಮ?"

"ಯಾಕೆ ಅಂತೀಯಲ್ಲ! ಛತ್ರದ ಬಾಗ್ಲಲ್ಲಿ ಪನ್ನೀರು, ಕಲ್ಲುಸಕ್ರೆ ತಟ್ಟೆ ಹಿಡ್ಕಂಡು ನಿಲ್ಲೋಕೆ ಮನೆ ಹೆಣ್ಣುಮಕ್ಳು ಬೇಕಲ್ಲ. ನನ್ನ ಮಗ್ಳು, ಅವ್ಳೇ ನಿಲ್ಲಬೇಕು ಅಂತ ನಿನ್ ಹೆಸ್ರು ಹೇಳಿ ತಟ್ಟೆ ಎತ್ತಿಡ್ಸಿದ್ಲು. ಬರ್ತಾಳೆ ಬರ್ತಾಳೆ ಅಂತ ಕಾದು ಕಾದು, ಬೀಗ್ರ ಫೋನ್ ಇಸ್ಕೊಂಡು ನಾನೇ ಮಾಡ್ದೆ. ಎತ್ಲೇ ಇಲ್ಲ ನೀನು."

ನನಗೆ ಆ ದಿನ ಗುಂಯ್‌ಗುಟ್ಟಿದ ಮೇಜು ನೆನಪಾಯಿತು. ತೀರ ಮೆಲ್ಲಗೆ, "ನನ್ನನ್ನ ಯಾರೂ ಕರೀಲಿಲ್ಲ ಅಮ್ಮ," ಎಂದೆ.

ಅವರು ಚೀಲವನ್ನು ನೆಲಕ್ಕಿಟ್ಟರು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲವೆಂದು ಕಾಣುತ್ತದೆ.

"ಕರಿಯೋದಾ? ನಿನ್ನಾ? ನೆಂಟ್ರನ್ನ ಕರೀತಾರೆ. ಮನೇಲಿ ಕೂತು ಕಾರ್ಡ್ ಮಾಡ್ದೋಳ್ನ, ಅದೇ ಕಾರ್ಡ್ ಕೊಟ್ಟು ಯಾರಾದ್ರೂ ಕರೀತಾರೇನೇ? ಸೀರೆ ಐತಾ ಅಂತ ಕೇಳಿರ್ಲಿಲ್ವಾ ನಾನು?"

ಬಸ್ಸು ಬಂತು. ಅವರು ನನ್ನ ಕೆನ್ನೆಯನ್ನೊಮ್ಮೆ ತಟ್ಟಿ, "ಹೋಗು, ಹೋಗು, ಸೀಟ್ ಹಿಡ್ಕೋ," ಎಂದರು. ಬಸ್ಸಿನಲ್ಲಿ ಕೂತ ಮೇಲೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ನನ್ನನ್ನು ಕಲ್ಪಿಸಿಕೊಳ್ಳಲು ನೋಡಿದೆ. ಪಕ್ಕದಲ್ಲಿ ಯಾರು ನಿಂತಿರುತ್ತಿದ್ದರೋ, ಬಂದವರಿಗೆ ಏನು ಹೇಳುತ್ತಿದ್ದೆನೋ, ಅವಳು ಒಳಗಿನಿಂದ ಒಮ್ಮೆಯಾದರೂ ಬಾಗಿಲ ಕಡೆ ನೋಡಿದಳೋ. ಆ ಬೆಳಗು ಈಗ ಎಲ್ಲೂ ಸಿಗುವುದಿಲ್ಲ. ತುಮಕೂರು ಬರುವವರೆಗೂ ಅದೊಂದೇ ಯೋಚನೆ.

ಅವಳಿಗೆ ಮೆಸೇಜ್ ಮಾಡಲು ಕೂತೆ. ಬರೆದದ್ದೆಲ್ಲ ಗಿರಾಕಿಗೆ ವಿವರಣೆ ಕೊಟ್ಟಂತೆ ಕಂಡು ಅಳಿಸಿದೆ. ಕೆಲವು ದಿನ ಬಿಟ್ಟು, ಒಂದು ಮಧ್ಯಾಹ್ನ, ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟಿದ ಮೇಲಿನ ರಸ್ತೆ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಚಿಕ್ಕವಳಿದ್ದಾಗ ಊರಿನಿಂದ ಪುಸ್ತಕಕ್ಕೆ, ಬಟ್ಟೆಗೆ, ಡಾಕ್ಟರಿಗೆ ನಾವು ಬರುತ್ತಿದ್ದದ್ದು ಕುಣಿಗಲ್‌ಗೇ. ನಾನು ಬಿಟ್ಟು ಬಂದ ಕಡೆಗೇ ಅವಳು ಹೋಗಿದ್ದಳು. ಈಗ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆಂದು ಸ್ಟೇಟಸ್ ನೋಡಿ ಗೊತ್ತಿತ್ತು. ಮನೆಯ ವಿಳಾಸ ಹುಡುಕಬೇಕಾಗಿರಲಿಲ್ಲ. ಗಂಡಿನ ಮನೆಯವರ ಬೀದಿ, ದೇವಸ್ಥಾನದ ಹಿಂದೆ ಎನ್ನುವುದರ ಸಮೇತ, ಅದನ್ನೂ ಕಾರ್ಡಿನಲ್ಲಿ ನಾನೇ ಜೋಡಿಸಿದ್ದೆ.

ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಕರೆಯದ ಮನೆಗೆ ನಾನು ಹೋದದ್ದಿಲ್ಲ. ಬಾಗಿಲು ತೆರೆದವರು ಅವಳ ಅತ್ತೆ. ಕೈಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಗುರುತಿತ್ತು.

"ಯಾರಮ್ಮ ನೀನು?"

ಕಾರ್ಡ್ ಮಾಡಿದವಳು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅದೇ ಸುಲಭ, ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು.

"ನಾನು ಅವಳ ರೂಮ್‌ಮೇಟು," ಎಂದೆ.

"ಹಾಸ್ಟೆಲಿಂದಾ? ಬಾ ಬಾ, ಒಳಕ್ ಬಾ. ಸ್ಕೂಲಿಂದ ಬರೋ ಹೊತ್ತಾಯ್ತು. ತಡಿ, ಫೋನ್ ಮಾಡ್ತೀನಿ." ಅವರು ಟಿವಿಯ ಪಕ್ಕದಿಂದ ಒಂದು ಕಾರ್ಡನ್ನು ಎತ್ತಿಕೊಂಡರು. ಅದು ಆ ಕಾರ್ಡೇ. ಮೂಲೆಯ ಅರಿಶಿನ ಮಾಸಿತ್ತು. ಹಿಂಬದಿಯ ತುಂಬ ಪೆನ್ನಿನಲ್ಲಿ ಬರೆದ ಫೋನ್ ನಂಬರುಗಳು. ಹಾಲಿನವನದು, ಗ್ಯಾಸಿನದು, ಸೊಸೆಯದು ಎಲ್ಲಕ್ಕಿಂತ ಮೇಲೆ, ದಪ್ಪಗೆ.

ನಾನು ನೋಡುತ್ತಿದ್ದದ್ದನ್ನು ಕಂಡು, "ಖಾಲಿ ಇತ್ತಲ್ಲ, ಬರ್ಕಂಡೆ," ಎಂದರು. "ಬೇರೆ ಯಾರ್ ಮದ್ವೆ ಕಾರ್ಡ್‌ನಾಗೂ ಇಷ್ಟು ಜಾಗ ಸಿಗಕಿಲ್ಲ."

ಫೋನನ್ನು ಸ್ಪೀಕರಿಗೆ ಹಾಕಿ ಗಟ್ಟಿಯಾಗಿ ಕೂಗಿದರು. "ನಿನ್ನ ನೋಡೋಕೆ ಯಾರೋ ಬಂದವ್ರೆ ಕಣಮ್ಮ. ರೂಮ್‌ಮೇಟಂತೆ."

ಆ ಕಡೆ ಮಕ್ಕಳ ಗದ್ದಲ, ಗಂಟೆಯ ಶಬ್ದ.

"ಯಾರು ಕರುದ್ರು ಅಂತ ಬಂದ್ಯೇ?" ಎಂದಳು ಅವಳು.

"ಯಾರೂ ಕರೀಲಿಲ್ಲ."

"ಹೂಂ. ಕೂತಿರು. ಎದ್ದು ಹೋದ್ರೆ ನೋಡು." ಅತ್ತೆ ನನ್ನ ಮುಖ ನೋಡಿ ಕಾಫಿಗೆ ಹಾಲಿಡಲು ಒಳಗೆ ಹೋದರು.

ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಬೀದಿಯಲ್ಲಿ ಯಾವ ಸ್ಕೂಟರ್ ಬಂದರೂ ತಲೆ ಎತ್ತುವಂತಾಯಿತು. ಚೀಲದಲ್ಲಿ ಫೋನ್ ಗುಂಯ್ ಎಂದಿತು. ಗೊತ್ತಿಲ್ಲದ ನಂಬರ್. ಎತ್ತಿದೆ.

"ಮೇಡಂ, ನಾನು ಕೋರದಿಂದ, ಎಣ್ಣೆಯೋನು. ಇದು ನನ್ನ ಭಾಮೈದನ ಫೋನು. ಆ ಹಸು ತೆಗಿಸ್ಬುಟ್ವಲ್ಲ, ವಾಪಸ್ ಹಾಕ್ಬೌದಾ? ಐದು ನಿಮಿಷದ ಕೆಲಸ."

"ಹಾಕೋಣ ಸರ್, ನಾಳೆ," ಎಂದೆ. "ಈಗ ನೆಂಟ್ರ ಮನೇಲಿದೀನಿ."